ಬೋಟಿನಲ್ಲಿ ಹಾಡಿಗೊಂದು ಜಾಗ

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯ ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವಂತಿಲ್ಲ. ಗಂಗೊಳ್ಳಿಯ ಹೊಳೆಬದಿಯಲ್ಲಿ ಟರ್ಪಾಲು ಹೊದ್ದು ಮಳೆಗೆ ಮೈಯೊಡ್ಡಿ ನಿಂತಿರುತ್ತವೆ. ಬಲೆ, ಬಣ್ಣ, ಎಂಜಿನ್ ಎಲ್ಲದರ ರಿಪೇರಿಗೂ ಅದೇ ಕಾಲ. ಭಾವನ ಬೋಟಿನ ಕೆಲಸದ ಪಟ್ಟಿಗೆ ಅಕ್ಕನ ಮಗ ಈ ಸಲ ಇನ್ನೊಂದು ಸೇರಿಸಿದ. ಉಡುಪಿಗೆ ಹೋಗಿ ಒಂದು ಆಂಪ್ಲಿಫೈಯರ್, ನಾಲ್ಕು ಸ್ಪೀಕರ್ ತಂದು ನನ್ನ ಮುಂದಿಟ್ಟು, "ಮಾಮ, ಇದನ್ನ್ ಎಲ್ಲ್ ಕೂರ್ಸುದು?" ಎಂದ.

ನಾನು ಮೂವತ್ತು ವರ್ಷ ಮನೆಗಳ ವೈರಿಂಗ್ ಮಾಡಿದವನು. ಗೋಡೆ ನೋಡಿದರೆ ಯಾವ ಪೆಟ್ಟಿಗೆ ಎಲ್ಲಿಗೆ ಅಂತ ಕೈಯೇ ಹೇಳುತ್ತದೆ. ಬೋಟಿನಲ್ಲಿ ಹಾಗಾಗಲಿಲ್ಲ. ಜಾಗ ಹುಡುಕಲು ಮೂರು ದಿನ ಹಿಡಿಯಿತು. ಆ ಮೂರು ದಿನ ನನಗೆ ಬೇಸರವೂ ಬರಲಿಲ್ಲ, ಏಕೆಂದರೆ ಆ ಹಾಡು ಯಾರಿಗೆ ಬೇಕೆಂದು ನನಗೆ ಗೊತ್ತು. ಆಳಸಮುದ್ರಕ್ಕೆ ಹೋದರೆ ಎಂಟು ಜನ ಹತ್ತು ದಿನ ಅದೇ ಬೋಟಿನಲ್ಲಿ. ಬಲೆ ಬಿಟ್ಟು ಎಳೆಯುವ ನಡುವಿನ ಎರಡು ಮೂರು ಗಂಟೆಯೇ ನಿದ್ದೆ, ಅದೇ ವಿರಾಮ. ನಡುರಾತ್ರಿ, ಸುತ್ತ ಕತ್ತಲು, ಕೆಳಗೆ ಎಂಜಿನ್ನಿನ ಗುಡುಗು. ಆ ಹೊತ್ತಿಗೆ ಅವರಿಗೆ ಬೇಕಾದದ್ದು ಯಕ್ಷಗಾನದ ಭಾಗವತ ಕಾಳಿಂಗ ನಾವಡರ ಪದ. ನಾವಡರು ತೀರಿಕೊಂಡದ್ದು 1990ರಲ್ಲಿ. ಅವರು ಹೋದ ಮೇಲೆ ಹುಟ್ಟಿದ ಹುಡುಗರೂ ಇವತ್ತು ಬಲೆ ಎಳೆಯುತ್ತ ಅವರ ಪದ ಗುನುಗುತ್ತಾರೆ.

ಅಳಿಯ ಮೊದಲು ತೋರಿಸಿದ ಜಾಗ ಕೇಬಿನ್ನಿನ ಮುಂಭಾಗ, ಚುಕ್ಕಾಣಿಯ ನೇರ ಮೇಲೆ. ಒಣಗಿದ ಜಾಗ, ಕೈಗೆಟಕುವ ಜಾಗ. ನಾನೂ ಹೂಂ ಎನ್ನುವವನಿದ್ದೆ. ಅಷ್ಟರಲ್ಲಿ ಬೋಟು ನಡೆಸುವ ತಂಡೇಲರು ಬಂದರು. "ಹ್ವಾಯ್, ಅಲ್ಲ್ ಬ್ಯಾಡ. ಕಂಪಾಸಿನ ಹತ್ರ ಕಬ್ಬಿಣದ್ ಚಾಕು ಸಹ ಇಡೂಕಾಗ." ಒಂದು ಸ್ಪೀಕರನ್ನು ಎತ್ತಿ ಅವರೇ ಕಂಪಾಸಿನ ಬಳಿ ಹಿಡಿದರು. ಅದರೊಳಗಿನ ಅಯಸ್ಕಾಂತಕ್ಕೆ ಕಂಪಾಸಿನ ತಟ್ಟೆ ಹತ್ತು ಡಿಗ್ರಿಗೂ ಹೆಚ್ಚು ತಿರುಗಿ ನಿಂತಿತು.

ಸ್ಪೀಕರ್ ಮಾತ್ರವೇ ಆಗಿದ್ದರೆ ದೂರ ಇಟ್ಟು ಮುಗಿಸಬಹುದಿತ್ತು. ಕರೆಂಟು ಹರಿಯುವ ತಂತಿಯೂ ಕಾಂತವೇ. ಆಂಪ್ಲಿಫೈಯರಿಗಿದ್ದದ್ದು 30 ಆಂಪಿಯರಿನ ಫ್ಯೂಸು. ಅಷ್ಟು ಕರೆಂಟು ಹೊತ್ತ ಒಂಟಿ ತಂತಿ ಕಂಪಾಸಿನಿಂದ ಒಂದಡಿ ದೂರದಲ್ಲಿದ್ದರೆ, ಅದರ ಎಳೆತ ನಮ್ಮ ಕಡೆ ಭೂಮಿ ಸೂಜಿಯನ್ನು ಉತ್ತರಕ್ಕೆ ಎಳೆಯುವ ಬಲದ ಅರ್ಧದಷ್ಟಾಗುತ್ತದೆ. ಪ್ಲಸ್ಸು ಮೈನಸ್ಸು ಎರಡನ್ನೂ ಹಗ್ಗ ಹೊಸೆದ ಹಾಗೆ ಒಂದಕ್ಕೊಂದು ಸುತ್ತಿ ಎಳೆದರೆ ಒಂದರ ಬಲವನ್ನು ಇನ್ನೊಂದು ಅಳಿಸುತ್ತದೆ. ಆದರೂ ಆ ದಾರಿಯಲ್ಲಿ ತಂತಿ ಹಾಯದಿರುವುದೇ ಕ್ಷೇಮ. "ಜಿಪಿಎಸ್ ಇತ್ತಲ್ದಾ?" ಎಂದ ಅಳಿಯ. ಜಿಪಿಎಸ್ಸಿಗೆ ಬ್ಯಾಟರಿ ಬೇಕು, ಕಂಪಾಸಿಗೆ ಬೇಡ. ಐದು ಡಿಗ್ರಿ ತಪ್ಪು ತೋರಿಸುವ ಕಂಪಾಸನ್ನು ನಂಬಿ 60 ನಾಟಿಕಲ್ ಮೈಲು ಬಂದರೆ ಸೇರುವುದು ಗುರಿಯಿಂದ ಹೆಚ್ಚುಕಡಿಮೆ 10 ಕಿಲೋಮೀಟರು ಆಚೆ. ಮಳೆಗಾಳಿಯ ರಾತ್ರಿಯಲ್ಲಿ ಅಳಿವೆಯ ಬಾಯಿ ಹುಡುಕುವವರಿಗೆ ಅದು ಸಣ್ಣ ದೂರವಲ್ಲ.

ಎಂಜಿನ್ ಕೋಣೆಯ ಮಾತನ್ನು ಭಾವನೇ ಎತ್ತಿದರು, ತಾವೇ ಬಿಟ್ಟರು. ಹಿಂದೊಮ್ಮೆ ಅಲ್ಲಿ ಕೂರಿಸಿದ್ದ ಆಂಪ್ಲಿಫೈಯರ್ ಒಂದೇ ಹಂಗಾಮಿಗೆ ಸತ್ತಿತ್ತು. ಬಿಚ್ಚಿ ನೋಡಿದಾಗ ತಂತಿಯ ತುದಿಗಳೆಲ್ಲ ಹಸಿರು ಕಿಲುಬು, ಅದುರಿ ಅದುರಿ ಬೆಸುಗೆ ಬಿಟ್ಟಿತ್ತು. ಬ್ಯಾಟರಿ ಪೆಟ್ಟಿಗೆಯೊಳಗಂತೂ ಇಡಲೇಬಾರದು. ಚಾರ್ಜ್ ಆಗುವಾಗ ಸೀಸದ ಬ್ಯಾಟರಿ ಹೈಡ್ರೋಜನ್ ಬಿಡುತ್ತದೆ, ಅದಕ್ಕೆ ಒಂದು ಕಿಡಿ ಸಾಕು. ಮಲಗುವ ಹಲಗೆಯ ಅಡಿ ಇಡೋಣವೆಂದರೆ ಅಲ್ಲಿ ಗಾಳಿಯಿಲ್ಲ, ತೆರೆ ಜೋರಾದ ದಿನ ನೀರೂ ಹರಿಯುತ್ತದೆ. ಹಳೆಯ ಬಗೆಯ ಆಂಪ್ಲಿಫೈಯರ್ ಎಳೆದ ಕರೆಂಟಿನ ಅರ್ಧದಷ್ಟನ್ನು ಶಾಖವಾಗಿಯೇ ಕಳೆಯುತ್ತದೆ. ಈಗಿನ ಕ್ಲಾಸ್ ಡಿ ಬಗೆಯದು ಬಹಳ ಕಡಿಮೆ ಬಿಸಿಯಾಗುತ್ತದೆ, ಅದಕ್ಕೂ ಉಸಿರಾಡಲು ಜಾಗ ಬೇಕು.

ಕೊನೆಗೆ ನಾವು ಒಪ್ಪಿದ್ದು ಕೇಬಿನ್ನಿನ ಹಿಂಗೋಡೆಯನ್ನು, ಮಲಗುವ ಹಲಗೆಗಿಂತ ಎರಡಡಿ ಮೇಲೆ. ಕಂಪಾಸು ಅಲ್ಲಿಂದ ಎಂಟಡಿ ದೂರ. ಬ್ಯಾಟರಿಯಿಂದ ತಂತಿಯ ದಾರಿ 4 ಮೀಟರು, ಹೋಗಿ ಬರಲು 8. ಇಲ್ಲಿ ಅಂಗಡಿಯವರು ಕೊಟ್ಟಿದ್ದ 4 ಚದರ ಮಿಲಿಮೀಟರಿನ ತಂತಿಯನ್ನು ನಾನು ಬೇಡವೆಂದೆ. 30 ಆಂಪಿಯರ್ ಹರಿದರೆ ಅದರಲ್ಲಿ 12 ವೋಲ್ಟಿನ ಪೈಕಿ ಒಂದು ವೋಲ್ಟು ದಾರಿಯಲ್ಲೇ ಹೋಗುತ್ತದೆ, ತಂತಿಯೂ ಬಿಸಿ. 16 ಚದರ ಮಿಲಿಮೀಟರಿನದಾದರೆ ನಷ್ಟ ಕಾಲು ವೋಲ್ಟು. ತವರದ ಲೇಪವಿರುವ ತಾಮ್ರವೇ ಆಗಬೇಕೆಂದು ಹಟ ಹಿಡಿದೆ. ದುಬಾರಿ ಹೌದು, ಆದರೆ ಉಪ್ಪುಗಾಳಿಗೆ ಬರೀ ತಾಮ್ರ ನಿಲ್ಲುವುದಿಲ್ಲ. ಗೋಡೆಗೂ ಪೆಟ್ಟಿಗೆಗೂ ನಡುವೆ ಅರ್ಧ ಇಂಚಿನ ಮರದ ತುಂಡುಗಳನ್ನಿಟ್ಟು, ಬಿಸಿಗಾಳಿ ಮೇಲೇರುವಂತೆ ಬೆನ್ನಿನ ಗೀರುಗಳನ್ನು ನೆಟ್ಟಗೆ ನಿಲ್ಲಿಸಿದೆವು. ತಂತಿಯನ್ನು ಪೆಟ್ಟಿಗೆಗಿಂತ ಕೆಳಕ್ಕೆ ಇಳಿಸಿ, ಬಾಗಿಸಿ, ಮತ್ತೆ ಮೇಲಕ್ಕೆ ತಂದೆವು. ತಂತಿಗುಂಟ ಬರುವ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಫ್ಯೂಸು ಬ್ಯಾಟರಿಯಿಂದ ಒಂದು ಗೇಣಿನೊಳಗೆ.

ತಂಡೇಲರದು ಇನ್ನೂ ಎರಡು ಷರತ್ತುಗಳಿದ್ದವು, ಎರಡೂ ನ್ಯಾಯವಾದವು. ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿಯನ್ನು ಹಾಡು ಮುಟ್ಟಬಾರದು. ಹಾಗಾಗಿ ಹಾಡಿಗೆ ಬೇರೆ ಬ್ಯಾಟರಿ ಬಂತು. ಮತ್ತೆ, ವೈರ್‌ಲೆಸ್ಸಿನಲ್ಲಿ ಯಾರಾದರೂ ಕರೆದರೆ ಆ ಕ್ಷಣ ಹಾಡು ನಿಲ್ಲಬೇಕು. ಆಂಪ್ಲಿಫೈಯರನ್ನು ಎಬ್ಬಿಸುವ, ಮಲಗಿಸುವ ಸಣ್ಣ ತಂತಿಯೊಂದು ಬೇರೆಯೇ ಇರುತ್ತದೆ, ಅದರಲ್ಲಿ ಹರಿಯುವ ಕರೆಂಟು ತೀರಾ ಅಲ್ಪ. ಅದಕ್ಕೊಂದು ಸ್ವಿಚ್ಚು ಹಾಕಿ ಚುಕ್ಕಾಣಿ ಹಿಡಿದವರ ಎಡಗೈಗೆ ಸಿಗುವಂತೆ ಕೂರಿಸಿದೆ. ಪೆಟ್ಟಿಗೆ ಹಿಂದೆ, ಅಧಿಕಾರ ಮುಂದೆ. ವೈರ್‌ಲೆಸ್ಸಿನ ಆಂಟೆನಾ ತಂತಿಯನ್ನು ಇನ್ನೊಂದು ಬದಿಯಿಂದ ಒಯ್ದು, ಆಂಪ್ಲಿಫೈಯರ್ ಹಾಕಿ ತೆಗೆದು, ವೈರ್‌ಲೆಸ್ಸಿನಲ್ಲಿ ಕರಕರ ಸದ್ದು ಹೆಚ್ಚುವುದಿಲ್ಲವೆಂದು ಕಿವಿಯಿಟ್ಟು ನೋಡಿದೆವು.

ಆಗಸ್ಟಿನಲ್ಲಿ ಬೋಟು ಹೊರಟ ಬೆಳಿಗ್ಗೆ ನಾನು ಧಕ್ಕೆಯಲ್ಲಿದ್ದೆ. ಅಳಿವೆ ದಾಟುವವರೆಗೂ ಸ್ವಿಚ್ಚು ಆಫ್ ಇತ್ತು. ಆಮೇಲೆ ಚೆಂಡೆಯ ಸದ್ದು ಕೇಳಿತು.

ಬೋಟಿಗೆ ಹಾಡು ಕೂರಿಸಲು ಹೊರಟವರಲ್ಲಿ ನನ್ನದೊಂದು ಕೋರಿಕೆ. ಮೊದಲ ತೂತು ಕೊರೆಯುವ ಮುನ್ನ ಪೆಟ್ಟಿಗೆ, ಸ್ಪೀಕರು, ತಂತಿ ಎಲ್ಲವನ್ನೂ ನೀವು ಎಣಿಸಿದ ಜಾಗದಲ್ಲೇ ಹಗ್ಗದಿಂದ ಕಟ್ಟಿ, ದನಿ ಪೂರ್ತಿ ಏರಿಸಿ. ಆಮೇಲೆ ಹೋಗಿ ಕಂಪಾಸು ನೋಡಿ.