ಬಂದವರು, ಇದ್ದವರು

ಬೆಳಗಿನ ಜಾವ ಐದು ಗಂಟೆಗೆ ಲಾಂಗ್ ಬೀಚಿನ ಅನಹೈಮ್ ರಸ್ತೆಯಲ್ಲಿ ದೀಪ ಉರಿಯುತ್ತಿದ್ದದ್ದು ಒಂದು ಡೋನಟ್ ಅಂಗಡಿಯಲ್ಲಿ ಮಾತ್ರ. ಕಳೆದ ವರ್ಷ ಕಂಪನಿ ಕೆಲಸದ ಮೇಲೆ ಮೂರು ತಿಂಗಳು ಕ್ಯಾಲಿಫೋರ್ನಿಯಾದ ಆ ಊರಿನಲ್ಲಿದ್ದೆ. ಪುಣೆಯ ತಂಡದೊಂದಿಗೆ ನಾಲ್ಕು ಗಂಟೆಯ ಕಾಲ್ ಮುಗಿಸಿದ ಮೇಲೆ ನಿದ್ದೆ ಬರುತ್ತಿರಲಿಲ್ಲ. ಎದ್ದು ಕಾಫಿಗೆ ಹೋಗುತ್ತಿದ್ದೆ.

ಗಲ್ಲಾದಲ್ಲಿ ಅರವತ್ತು ದಾಟಿದ ಹೆಂಗಸೊಬ್ಬರು ಕೂರುತ್ತಿದ್ದರು. ಗಂಡ ಒಳಗೆ ಹಿಟ್ಟು ನಾದುತ್ತಿದ್ದರು. ಕಾಂಬೋಡಿಯಾದ ಗಿರಾಕಿಗಳು ಅವರನ್ನು ‘ಮಿಂಗ್’ ಎಂದು ಕರೆಯುತ್ತಿದ್ದರು. ಚಿಕ್ಕಮ್ಮ ಎಂದರ್ಥವಂತೆ. ನಾನೂ ಹಾಗೇ ಕರೆಯತೊಡಗಿದೆ. ಅವರ ಕೆಲಸ ಶುರುವಾಗುವುದು ನಡುರಾತ್ರಿ ಒಂದು ಗಂಟೆಗೆ. ಮೂವತ್ತು ವರ್ಷದಿಂದ ಹಾಗೇ. ಮಗಳು ಫಾರ್ಮಸಿಸ್ಟ್. “ಅವಳು ಈ ಅಂಗಡಿಗೆ ಬರುವುದು ಬೇಡ, ಅದಕ್ಕೇ ಈ ಅಂಗಡಿ” ಎಂದರು ಒಮ್ಮೆ.

ಆ ಮಾತು ನನಗೆ ಹೊಸದಾಗಿರಲಿಲ್ಲ. ಕುಂದಾಪುರದ ಕಡೆಯಿಂದ ಹದಿನಾಲ್ಕನೇ ವಯಸ್ಸಿಗೆ ಮುಂಬಯಿಗೆ ಬಂದು, ಸೋದರಮಾವನ ಹೋಟೆಲಿನಲ್ಲಿ ಲೋಟ ತೊಳೆದು, ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಮುಂದೆ ಮಾಟುಂಗದಲ್ಲಿ ಒಂದು ಸಣ್ಣ ಹೋಟೆಲಿಗೆ ಪಾಲುದಾರರಾದ ನನ್ನ ಅಪ್ಪನೂ ಇದೇ ಮಾತು ಹೇಳುತ್ತಿದ್ದರು. ನಾನು ಗಲ್ಲಾದಲ್ಲಿ ಕೂರಬಾರದು ಎನ್ನುವುದೇ ಅವರ ಹಟ.

ಅನಹೈಮ್ ರಸ್ತೆಯ ಸುಮಾರು ಎರಡು ಕಿಲೋಮೀಟರ್ ಉದ್ದದ ಭಾಗಕ್ಕೆ 2007ರಲ್ಲಿ ನಗರಸಭೆ ‘ಕಾಂಬೋಡಿಯಾ ಟೌನ್’ ಎಂದು ಹೆಸರಿಟ್ಟಿದೆ. ಅಮೆರಿಕದಲ್ಲಿ ಕಾಂಬೋಡಿಯನ್ನರು ಅತಿ ಹೆಚ್ಚಾಗಿ ನೆಲೆಸಿದ ಊರು ಇದು. 1950–60ರ ದಶಕಗಳಲ್ಲಿ ಇಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಓದಲು ಬಂದಿದ್ದ ಕೆಲವು ವಿದ್ಯಾರ್ಥಿಗಳೇ ಇದಕ್ಕೆ ಬೀಜ. ಆಮೇಲೆ 1975ರ ಏಪ್ರಿಲ್ 17ರಂದು ಖಮೇರ್ ರೂಜ್ ಪಡೆಗಳು ನೋಮ್ ಪೆನ್ ನಗರವನ್ನು ಹಿಡಿದವು. 1979ರ ಜನವರಿಯವರೆಗಿನ ಆ ಆಳ್ವಿಕೆಯಲ್ಲಿ ಹಸಿವು, ರೋಗ, ಕೊಲೆಗಳಿಂದ ಸತ್ತವರು ಸುಮಾರು ಹದಿನೇಳು ಲಕ್ಷ, ಅಂದರೆ ದೇಶದ ನಾಲ್ಕರಲ್ಲೊಂದು ಪಾಲು ಜನ. ಓದು ಬಲ್ಲವರನ್ನು, ಪೇಟೆಯವರನ್ನು ಹುಡುಕಿ ಕೊಂದರು. ಉಳಿದವರು ಗಡಿ ದಾಟಿ ಥಾಯ್ಲೆಂಡಿನ ಶಿಬಿರಗಳನ್ನು ಸೇರಿದರು. ಅಮೆರಿಕಕ್ಕೆ ಬಂದವರು ಸುಮಾರು ಒಂದೂವರೆ ಲಕ್ಷ.

ಮಿಂಗ್ ಬಟ್ಟಂಬಾಂಗ್ ಸೀಮೆಯ ಗದ್ದೆ ಮನೆಯವರು. ಎಲ್ಲ ಶುರುವಾದಾಗ ಹದಿನಾಲ್ಕು ವರ್ಷ. ಅಪ್ಪನನ್ನೂ ಇಬ್ಬರು ಅಣ್ಣಂದಿರನ್ನೂ ಕಳೆದುಕೊಂಡು, ಖಾವೊ ಐ ಡಾಂಗ್ ಶಿಬಿರದಲ್ಲಿದ್ದು, 1981ರಲ್ಲಿ ಬಂದರು. ಇಷ್ಟನ್ನು ಅವರು ನಾಲ್ಕೇ ವಾಕ್ಯಗಳಲ್ಲಿ ಹೇಳಿ, ಗಿರಾಕಿ ಬಂದರೆಂದು ಎದ್ದು ಹೋದರು.

ಡೋನಟ್ ಯಾಕೆ? ಅದಕ್ಕೆ ಟೆಡ್ ನೋಯ್ ಎನ್ನುವವರ ಕಥೆ ಕೇಳಬೇಕು. 1975ರಲ್ಲಿ ನಿರಾಶ್ರಿತರಾಗಿ ಬಂದ ಅವರು ವಿಂಚೆಲ್ಸ್ ಎಂಬ ಡೋನಟ್ ಕಂಪನಿಯಲ್ಲಿ ಕೆಲಸ ಕಲಿತು, ಸ್ವಂತ ಅಂಗಡಿ ಕೊಂಡು, ಮತ್ತೆ ಮತ್ತೆ ಅಂಗಡಿ ತೆರೆದು, ಹೊಸದಾಗಿ ಬಂದ ಕುಟುಂಬಗಳಿಗೆ ಗುತ್ತಿಗೆಗೆ ಕೊಡುತ್ತಾ ಹೋದರು. ಕಡೆಗೆ ಜೂಜಿನಲ್ಲಿ ಎಲ್ಲ ಕಳೆದುಕೊಂಡರು. ಆದರೆ ಅವರಿಂದ ಕಲಿತವರು ನೂರಾರು ಅಂಗಡಿ ಹಾಕಿದ್ದರು. ಬ್ಯಾಂಕು ಸಾಲ ಕೊಡದಿದ್ದಾಗ ‘ಟೊಂಗ್‌ಟೀನ್’ ನಡೆಸಿದರು: ಹತ್ತಿಪ್ಪತ್ತು ಮಂದಿ ತಿಂಗಳಿಗಿಷ್ಟು ಹಣ ಹಾಕುವುದು, ಸರದಿಯಂತೆ ಒಬ್ಬರು ಎತ್ತುವುದು. ನಮ್ಮ ಚೀಟಿ, ಮುಂಬಯಿಯವರ ಭಿಶಿ. ನೆಂಟರನ್ನು ಕರೆಸಿಕೊಳ್ಳುವುದು, ಮನೆಮಂದಿಯೆಲ್ಲ ಸಂಬಳವಿಲ್ಲದೆ ದುಡಿಯುವುದು, ಇಂಗ್ಲಿಷ್ ಬಾರದಿದ್ದರೂ ನಡೆಯುವ ವ್ಯಾಪಾರ. ಉಡುಪಿ ಹೋಟೆಲುಗಳ ಚರಿತ್ರೆಯೇ ಖಮೇರ್ ಭಾಷೆಯಲ್ಲಿ ನಡೆದಂತಿತ್ತು.

1990ರ ಜನಗಣತಿಯ ಹೊತ್ತಿಗೆ ಅಮೆರಿಕದ ಕಾಂಬೋಡಿಯನ್ ಕುಟುಂಬಗಳಲ್ಲಿ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಬಡತನದ ರೇಖೆಯ ಕೆಳಗಿದ್ದವು. ಈಗ ಆ ಪ್ರಮಾಣ ಇಪ್ಪತ್ತಕ್ಕಿಂತ ಕೆಳಗಿಳಿದಿದೆ. 2022ರಲ್ಲಿ ಮ್ಯಾಸಚೂಸೆಟ್ಸ್‌ನ ಲೋವೆಲ್ ನಗರಕ್ಕೆ ಕಾಂಬೋಡಿಯಾದಲ್ಲಿ ಹುಟ್ಟಿದ ಸೊಖಾರಿ ಚೌ ಮೇಯರ್ ಆದರು. ದುಡಿದವನಿಗೆ ದಾರಿ ಇದ್ದೇ ಇದೆ ಎಂದು ನಾನು ತೀರ್ಮಾನಿಸಿಬಿಟ್ಟೆ. ಅದು ನಮ್ಮ ಮನೆಯ ತೀರ್ಮಾನವೂ ಆಗಿತ್ತಲ್ಲ.

ಭಾರತಕ್ಕೆ ಮರಳುವ ಮೊದಲು ಐದು ದಿನ ರಜೆ ಹಾಕಿ ಹವಾಯಿಗೆ ಹೋದೆ. ಲಾಸ್ ಏಂಜಲೀಸ್‌ನಿಂದ ಆರು ಗಂಟೆಯ ಹಾರಾಟ. ವೈಕಿಕಿ ಕಡಲತೀರ ಎರಡೇ ದಿನಕ್ಕೆ ಸಾಕಾಯಿತು. ಮೂರನೇ ದಿನ ಹೊನೊಲುಲುವಿನ ಇಯೊಲಾನಿ ಅರಮನೆಗೆ ಹೋದೆ. ಅಮೆರಿಕದ ಶ್ವೇತಭವನಕ್ಕಿಂತ ಮೊದಲೇ ವಿದ್ಯುತ್ ದೀಪ ಕಂಡ ಅರಮನೆ ಇದು. ಮೇಲಿನ ಮಹಡಿಯ ಒಂದು ಕೋಣೆಯಲ್ಲಿ, 1895ರಲ್ಲಿ ರಾಣಿ ಲಿಲಿಯುಒಕಲಾನಿಯನ್ನು ಸೆರೆಯಲ್ಲಿಟ್ಟಿದ್ದಾಗ ಆಕೆ ಹೊಲಿದ ಕೌದಿ ಇಟ್ಟಿದ್ದಾರೆ. ಬಣ್ಣ ಬಣ್ಣದ ರೇಷ್ಮೆ ಚೂರುಗಳನ್ನು ಜೋಡಿಸಿದ ಕೌದಿ, ನಮ್ಮ ಅಜ್ಜಿಯರು ಹಳೆ ಸೀರೆಯಲ್ಲಿ ಹೊಲಿಯುತ್ತಿದ್ದಂಥದ್ದೇ.

ನಾಲ್ಕನೇ ದಿನ ಬಸ್ಸು ಹತ್ತಿ ದ್ವೀಪದ ಪಶ್ಚಿಮ ತೀರದ ವೈಆನೆಗೆ ಹೊರಟೆ. ಐವತ್ತು ಕಿಲೋಮೀಟರ್ ಒಳಗಿನ ದಾರಿಯಾದರೂ ಒಂದೂವರೆ ಗಂಟೆ ಬೇಕು. ಮೂಲ ಹವಾಯಿಯನ್ನರು ಹೆಚ್ಚಾಗಿರುವ ಕಡೆ ಅದು. ಒಂದು ಬದಿ ಬೋಳು ಬೆಟ್ಟ, ಇನ್ನೊಂದು ಬದಿ ಕಣ್ಣು ಕೋರೈಸುವ ನೀಲಿ ಕಡಲು. ಆ ಕಡಲ ದಂಡೆಯಲ್ಲಿ ಅಲ್ಲಲ್ಲಿ ನೀಲಿ ಟಾರ್ಪಾಲಿನ ಗುಡಾರಗಳು, ಅದರೊಳಗೆ ಸಂಸಾರಗಳು.

ಪಕ್ಕದ ಸೀಟಿನಲ್ಲಿದ್ದ ಹಿರಿಯ ಹೆಂಗಸನ್ನು ಬಸ್ಸಿನ ಹುಡುಗರು ‘ಆಂಟಿ’ ಎಂದು ಕರೆಯುತ್ತಿದ್ದರು. ನಮ್ಮಂತೆಯೇ ಅಲ್ಲಿಯೂ ಹಿರಿಯ ಹೆಂಗಸರೆಲ್ಲ ಆಂಟಿಯರೇ. ಮಾತಿಗೆ ಮಾತು ಬೆಳೆದು, ನಾನು ಲಾಂಗ್ ಬೀಚಿನ ಡೋನಟ್ ಅಂಗಡಿಯ ಕಥೆ ಹೇಳಿದೆ. ಬರಿಗೈಯಲ್ಲಿ ಬಂದವರು ಮೂವತ್ತು ವರ್ಷದಲ್ಲಿ ಎಷ್ಟು ಮೇಲೆ ಬಂದರು ನೋಡಿ ಎಂದೆ. ನನ್ನ ಕಣ್ಣು ಆ ಗುಡಾರಗಳ ಮೇಲಿತ್ತು. ಹೇಳದೆ ಬಿಟ್ಟ ಮಾತು ಅವರಿಗೆ ಕೇಳಿಸಿತು.

“ಅವರು ಬಂದವರು. ನಾವು ಎಲ್ಲಿಂದಲೂ ಬಂದವರಲ್ಲ” ಎಂದರು. ಸಿಟ್ಟೇನೂ ಇರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ತನ್ನ ಅಮ್ಮ ಮನೆ ಜಾಗಕ್ಕೆ ಅರ್ಜಿ ಹಾಕಿ ಕಾಯುತ್ತಲೇ ತೀರಿಕೊಂಡಳು, ಈಗ ತಾನು ಕಾಯುತ್ತಿದ್ದೇನೆ, ಮಗ ಕಾಯುವುದು ಬಿಟ್ಟು ಲಾಸ್ ವೇಗಸ್‌ಗೆ ಹೋದ ಎಂದರು. ತಮ್ಮ ನಿಲ್ದಾಣ ಬಂದಾಗ ಚೀಲದಿಂದ ಒಂದು ಮಾವಿನ ಹಣ್ಣು ತೆಗೆದು ನನ್ನ ಕೈಗಿಟ್ಟು ಇಳಿದರು.

ಆ ರಾತ್ರಿ ಕೋಣೆಯಲ್ಲಿ ಕೂತು ಓದಿದೆ. ಕ್ಯಾಪ್ಟನ್ ಕುಕ್ 1778ರಲ್ಲಿ ಬಂದಾಗ ಕೆಲವು ಲಕ್ಷವಿದ್ದ ಹವಾಯಿಯನ್ನರು, ಹೊರಗಿನಿಂದ ಬಂದ ರೋಗಗಳಿಂದ ಸತ್ತು ಸತ್ತು, ಒಂದು ಶತಮಾನದ ಮೇಲೆ ನಲವತ್ತು ಸಾವಿರದ ಆಸುಪಾಸಿಗೆ ಇಳಿದಿದ್ದರು. 1848ರಲ್ಲಿ ‘ಮಹೆಲೆ’ ಎಂಬ ಭೂ ವಿಂಗಡಣೆಯಾಗಿ ನೆಲವನ್ನು ರಾಜ, ಸರದಾರರು ಮತ್ತು ಸರ್ಕಾರದ ನಡುವೆ ಹಂಚಲಾಯಿತು. ಉಳುವವರು ತಾವು ಉಳುತ್ತಿದ್ದ ತುಂಡನ್ನು ಪಡೆಯಬೇಕಾದರೆ ಅರ್ಜಿ ಹಾಕಿ, ಅಳತೆ ಮಾಡಿಸಿ, ಸಾಕ್ಷಿ ಕೊಡಬೇಕಿತ್ತು. ನೆಲವನ್ನು ಕೊಳ್ಳುವುದು ಮಾರುವುದು ಎಂದರೇನೆಂದೇ ಗೊತ್ತಿಲ್ಲದ ಜನ. ಕಡೆಗೆ ಅವರ ಪಾಲಿಗೆ ಬಂದದ್ದು ಒಟ್ಟು ನೆಲದ ನೂರರಲ್ಲಿ ಒಂದು ಪಾಲೂ ಅಲ್ಲ. ವಿದೇಶಿಯರು ನೆಲ ಕೊಳ್ಳಬಹುದು ಎಂಬ ಕಾನೂನು 1850ರಲ್ಲಿ ಬಂತು, ಹಿಂದೆಯೇ ಕಬ್ಬಿನ ತೋಟಗಳು ಹರಡಿದವು. 1893ರ ಜನವರಿಯಲ್ಲಿ ಅಮೆರಿಕದ ನೌಕಾಪಡೆಯ ಸೈನಿಕರ ಬೆಂಬಲದಿಂದ ರಾಣಿಯನ್ನು ಇಳಿಸಿದರು. 1896ರಲ್ಲಿ ಶಾಲೆಗಳ ಮಾಧ್ಯಮ ಇಂಗ್ಲಿಷ್ ಆಯಿತು. 1898ರಲ್ಲಿ ದ್ವೀಪಗಳು ಅಮೆರಿಕಕ್ಕೆ ಸೇರಿದವು. ಇದಕ್ಕೆ ಅಮೆರಿಕದ ಸಂಸತ್ತು ಕ್ಷಮೆ ಕೇಳಿದ್ದು 1993ರಲ್ಲಿ.

ಆಂಟಿ ಹೇಳಿದ ಅರ್ಜಿ 1921ರ ಕಾನೂನಿನದು. ಅರ್ಧದಷ್ಟಾದರೂ ಹವಾಯಿಯನ್ ರಕ್ತವಿದ್ದವರಿಗೆ ವರ್ಷಕ್ಕೆ ಒಂದು ಡಾಲರ್ ಬಾಡಿಗೆಗೆ, 99 ವರ್ಷದ ಗುತ್ತಿಗೆಗೆ ನಿವೇಶನ. ಅದಕ್ಕಾಗಿ ಕಾಯುತ್ತಿರುವವರ ಪಟ್ಟಿಯಲ್ಲಿ 28,000ಕ್ಕೂ ಹೆಚ್ಚು ಜನರಿದ್ದಾರೆ. ಹೊರಗೆ ಕೊಳ್ಳೋಣವೆಂದರೆ ಆ ದ್ವೀಪದಲ್ಲಿ ಒಂದು ಸಾಧಾರಣ ಮನೆಗೆ ಹತ್ತು ಲಕ್ಷ ಡಾಲರ್ ದಾಟುತ್ತದೆ. 2020ರ ಜನಗಣತಿಯ ಪ್ರಕಾರ ಮೂಲ ಹವಾಯಿಯನ್ನರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಈಗ ಹವಾಯಿಯ ಹೊರಗಿದ್ದಾರೆ. ಹವಾಯಿಯ ದೊಡ್ಡ ದ್ವೀಪಗಳು ಎಂಟು. ಲಾಸ್ ವೇಗಸ್ಸನ್ನು ಅವರು ‘ಒಂಬತ್ತನೇ ದ್ವೀಪ’ ಎಂದು ಕರೆದುಕೊಳ್ಳುತ್ತಾರೆ.

ಆಗ ನನ್ನ ತೀರ್ಮಾನ ಅಲುಗಾಡಿತು. ಆಂಟಿಯ ಮಗನಿಗೆ ವೇಗಸ್‌ನಲ್ಲಿ ಸ್ವಂತ ಮನೆ ಆಗಿದ್ದರೆ, ಲೆಕ್ಕದ ಪುಸ್ತಕದಲ್ಲಿ ಅವನು ಮುಂದೆ ಬಂದವನು. ಗುಡಾರ ಹಾಕಿಕೊಂಡಾದರೂ ತನ್ನ ಕಡಲ ಬಳಿಯೇ ಉಳಿದವನು ಹಿಂದೆ ಬಿದ್ದವನು. ಹೋಗುವುದು ಲಾಭ, ಉಳಿಯುವುದು ನಷ್ಟ ಎಂದು ಹೇಳುವ ಲೆಕ್ಕ ಅದು. ಕಾಂಬೋಡಿಯನ್ನರ ನಷ್ಟವೆಲ್ಲ ಅಮೆರಿಕಕ್ಕೆ ಬರುವ ಮೊದಲೇ, ಬೇರೆ ನೆಲದಲ್ಲಿ ನಡೆದುಹೋಗಿತ್ತು. ಅಮೆರಿಕದ ಪುಸ್ತಕ ಅವರಿಗೆ ಸೊನ್ನೆಯಿಂದ ಶುರುವಾಗುತ್ತದೆ, ಮುಂದಿನದೆಲ್ಲ ಏರಿಕೆಯಾಗಿ ಕಾಣುತ್ತದೆ. ಹವಾಯಿಯನ್ನರ ನಷ್ಟ ನಡೆದದ್ದೇ ಆ ಪುಸ್ತಕ ಬರೆಯುವವರ ಕೈಯಿಂದ.

ಆ ಏರಿಕೆಯೂ ನಾನು ತಿಳಿದಷ್ಟು ನೇರವಲ್ಲ. ಲಾಂಗ್ ಬೀಚಿನ ಕಾಂಬೋಡಿಯನ್ ನಿರಾಶ್ರಿತರ ಬಗ್ಗೆ 2005ರಲ್ಲಿ ಪ್ರಕಟವಾದ ವೈದ್ಯಕೀಯ ಅಧ್ಯಯನವೊಂದರಲ್ಲಿ, ಬಂದು ಎರಡು ದಶಕವಾದರೂ ನೂರರಲ್ಲಿ 62 ಮಂದಿ ಆ ದಿನಗಳ ಆಘಾತದ ಕಾಯಿಲೆಯಿಂದ, 51 ಮಂದಿ ಖಿನ್ನತೆಯಿಂದ ನರಳುತ್ತಿದ್ದರು. ಪದವಿ ಪಡೆದವರ ಪ್ರಮಾಣ ಇಂದಿಗೂ ದೇಶದ ಸರಾಸರಿಗಿಂತ ಕಡಿಮೆ. ಬಡ ಬೀದಿಗಳಲ್ಲಿ ಗ್ಯಾಂಗುಗಳಿಗೆ ಸೇರಿ ಜೈಲು ಕಂಡ ಹುಡುಗರನ್ನು 2002ರ ಒಪ್ಪಂದದ ನಂತರ ಕಾಂಬೋಡಿಯಾಕ್ಕೆ ಗಡೀಪಾರು ಮಾಡುತ್ತಿದ್ದಾರೆ. ಅವರಲ್ಲಿ ಹಲವರು ಹುಟ್ಟಿದ್ದೇ ಥಾಯ್ ಶಿಬಿರಗಳಲ್ಲಿ, ಕಾಂಬೋಡಿಯಾವನ್ನು ಕಣ್ಣಿಂದ ಕಂಡವರಲ್ಲ.

ಲಾಂಗ್ ಬೀಚಿನಲ್ಲಿ ಹಲ್ಲುನೋವೆಂದು ಕ್ಲಿನಿಕ್ಕಿಗೆ ಹೋಗಿದ್ದಾಗ ತುಂಬಿದ ಫಾರಂ ನೆನಪಾಯಿತು. ‘ಏಷ್ಯನ್’ ಎಂಬ ಚೌಕಕ್ಕೆ ಗುರುತು ಹಾಕಿದ್ದೆ. ಮಿಂಗ್ ಕೂಡ ಅದೇ ಚೌಕಕ್ಕೆ ಗುರುತು ಹಾಕಬೇಕು. 1997ರವರೆಗೆ ಸರ್ಕಾರದ ಲೆಕ್ಕದಲ್ಲಿ ಹವಾಯಿಯನ್ನರೂ ಅದೇ ಚೌಕದಲ್ಲಿದ್ದರು, ಆ ವರ್ಷ ಬೇರೆ ಚೌಕ ಕೊಟ್ಟರು. ಪದವಿ ಹಿಡಿದು, ಕಂಪನಿಯ ವೀಸಾದಲ್ಲಿ ಬಂದ ನಮ್ಮಂಥ ಭಾರತೀಯರ ಸಂಬಳವೂ ಶಿಬಿರದಿಂದ ಬಂದವರ ಸಂಬಳವೂ ಒಂದೇ ಚೌಕದಲ್ಲಿ ಸೇರಿ ಸರಾಸರಿ ಬರುತ್ತದೆ. ‘ಏಷ್ಯನ್ನರು ಚೆನ್ನಾಗಿದ್ದಾರೆ’ ಎನ್ನುತ್ತದೆ ಆ ಸರಾಸರಿ. ದಿನವಿಡೀ ಡೇಟಾ ಜೊತೆಗೇ ಕೆಲಸ ಮಾಡುವ ನನಗೆ ಇದು ಹೊಳೆಯಲು ಬಸ್ಸಿನ ಆಂಟಿಯೊಬ್ಬರು ಬೇಕಾದರು.

ಉಳಿಯುವುದಕ್ಕೂ ಫಲ ಇಲ್ಲದೇ ಇಲ್ಲ. 1980ರ ದಶಕದ ಆರಂಭದಲ್ಲಿ ಹವಾಯಿ ಭಾಷೆ ಸರಾಗವಾಗಿ ಆಡಬಲ್ಲ ಮಕ್ಕಳು ಐವತ್ತೂ ಇರಲಿಲ್ಲ. 1984ರಲ್ಲಿ ಕೆಲವು ಪೋಷಕರು, ಶಿಕ್ಷಕರು ಸೇರಿ ‘ಪೂನಾನಾ ಲೆಒ’ ಶಿಶುವಿಹಾರ ಆರಂಭಿಸಿದರು. ಅಲ್ಲಿ ದಿನವಿಡೀ ಹವಾಯಿ ಭಾಷೆಯೇ. 1987ರಿಂದ ಸರ್ಕಾರಿ ಶಾಲೆಗಳಲ್ಲೂ ಆ ಮಾಧ್ಯಮ ಬಂತು. ಇಂದು ಸಾವಿರಾರು ಮಕ್ಕಳು ಅದರಲ್ಲಿ ಓದುತ್ತಾರೆ. ಊರಲ್ಲಿ ಉಳಿದವರು ಇದ್ದದ್ದರಿಂದ ಅದು ಆಯಿತು. ಮಿಂಗ್‌ನ ಮೊಮ್ಮಗನಿಗೆ ಖಮೇರ್ ಬಾರದು. ನನ್ನ ಮಗಳು ಕನ್ನಡವನ್ನು ಅರ್ಥ ಮಾಡಿಕೊಳ್ಳುತ್ತಾಳೆ, ಉತ್ತರ ಹಿಂದಿಯಲ್ಲಿ ಕೊಡುತ್ತಾಳೆ.

ಮುಂಬಯಿಗೆ ಬಂದ ಮೇಲೆ ಅಪ್ಪನ ಹತ್ತಿರ ಚಿಕ್ಕಪ್ಪನ ವಿಷಯ ಎತ್ತಿದೆ. ಚಿಕ್ಕಪ್ಪ ಊರಲ್ಲೇ ಉಳಿದವರು, ಎರಡು ಎಕರೆ ಗದ್ದೆ. ‘ಊರು ಬಿಡಲಿಲ್ಲ, ಹಾಗಾಗಿ ಮುಂದೆ ಬರಲಿಲ್ಲ’ ಎಂದು ನಮ್ಮ ಮನೆಯಲ್ಲಿ ಸಲೀಸಾಗಿ ಹೇಳಿಕೊಂಡು ಬಂದಿದ್ದೇವೆ, ಅವರ ಎದುರಿಗೂ. ಆ ಗದ್ದೆ ನಮ್ಮದಾದದ್ದು ಹೇಗೆ ಎಂದು ಕೇಳಿದೆ. 1974ರಲ್ಲಿ ಭೂ ಸುಧಾರಣೆ ಕಾನೂನು ಬಂದಾಗ, ಗೇಣಿ ಮಾಡುತ್ತಿದ್ದ ಅಜ್ಜ ಯಾರ ಕೈಯಲ್ಲೋ ಏಳನೇ ನಮೂನೆ ಅರ್ಜಿ ಬರೆಸಿ ಹೆಬ್ಬೆಟ್ಟು ಒತ್ತಿದರಂತೆ. ಟ್ರಿಬ್ಯೂನಲ್ ಅವರ ಹೆಸರಿಗೆ ಮಾಡಿತು. ಹವಾಯಿಯ ಉಳುವವರಿಗೂ ಅಂಥದ್ದೇ ಒಂದು ಅರ್ಜಿಯ ದಾರಿ ಇತ್ತು. ಅವರಿಗೆ ದಕ್ಕಲಿಲ್ಲ, ನಮಗೆ ದಕ್ಕಿತು. ನಮ್ಮ ಅಜ್ಜ ಅವರಿಗಿಂತ ಹೆಚ್ಚು ದುಡಿದವರೇನಲ್ಲ.

“ಚಿಕ್ಕಪ್ಪನೂ ಬಂದಿದ್ದರೆ?” ಎಂದೆ.

ಅಪ್ಪ ಪೇಪರಿನಿಂದ ತಲೆ ಎತ್ತದೆ ಹೇಳಿದರು: “ಅಂವ ಅಲ್ಲಿ ಇದ್ದಿದ್ದಕ್ಕೇ ನಂಗೆ ಇಲ್ಲಿಗೆ ಬಪ್ಪುಕ್ ಆಯ್ತ್. ಅಪ್ಪಯ್ಯ, ಅಬ್ಬೆ, ಗದ್ದೆ, ಎಲ್ಲ ಅಂವನೇ ಕಂಡದ್ದ್.”

ಇಷ್ಟು ವರ್ಷ ಈ ಮಾತು ಅವರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಈ ಮೇ ರಜೆಯಲ್ಲಿ ಮಗಳನ್ನು ಕರೆದುಕೊಂಡು ಊರಿಗೆ ಹೋಗಿ, ಹದಿನೈದು ದಿನ ಚಿಕ್ಕಪ್ಪನ ಮನೆಯಲ್ಲೇ ಇರುವುದೆಂದು ಟಿಕೆಟ್ ಮಾಡಿಸಿದ್ದೇನೆ.