ಇಂಗ್ಲೆಂಡಿನ ಗಾಲಿಮನೆಗಳು

ನಮ್ಮಲ್ಲಿ ಸ್ವತ್ತನ್ನು ಸ್ಥಿರ, ಚರ ಎಂದು ಎರಡು ಬಗೆಯಾಗಿ ವಿಂಗಡಿಸುವುದು ವಾಡಿಕೆ. ಮನೆ ಮೊದಲನೆಯ ಬಗೆಗೆ ಸೇರಿದುದು, ಬಂಡಿ ಎರಡನೆಯದಕ್ಕೆ. ಈ ಎರಡೂ ಒಂದೇ ವಸ್ತುವಿನಲ್ಲಿ ಕೂಡಿರುವುದನ್ನು ನೋಡಬೇಕಾದರೆ ಬೇಸಗೆಯಲ್ಲಿ ಇಂಗ್ಲೆಂಡಿನ ಯಾವುದಾದರೊಂದು ಹೆದ್ದಾರಿಯ ಬದಿಯಲ್ಲಿ ಕೊಂಚ ಹೊತ್ತು ನಿಂತರೆ ಸಾಕು. ಮುಂಭಾಗದಲ್ಲಿ ಸರಕು ಸಾಗಿಸುವ ವ್ಯಾನಿನ ಯಂತ್ರ, ಚಾಲಕನ ಪೀಠ. ಹಿಂಭಾಗದಲ್ಲಿ ಹಾಸಿಗೆ, ಒಲೆ, ಫ್ರಿಜ್ಜು, ಬಚ್ಚಲು, ಪಾಯಿಖಾನೆ. ಇದನ್ನು ಅಲ್ಲಿನವರು ಮೋಟಾರ್‌ಹೋಮ್ ಎಂದು ಕರೆಯುವರು. ನಾವು ಗಾಲಿಮನೆ ಎನ್ನೋಣ. ಕಮಾನುಗಾಡಿ ಕಟ್ಟಿಕೊಂಡು, ಅಕ್ಕಿ ಬೇಳೆ ಪಾತ್ರೆಗಳನ್ನು ಹೇರಿಕೊಂಡು, ತೋಪು ಸಿಕ್ಕಿದಲ್ಲಿ ಇಳಿದು ಅಡಿಗೆ ಮಾಡಿ ಉಂಡು ಜಾತ್ರೆಗೆ ಹೋಗುತ್ತಿದ್ದ ನಮ್ಮ ಹಿರಿಯರ ಪದ್ಧತಿಯನ್ನು ಬಲ್ಲವರಿಗೆ ಇದರ ಸುಖವನ್ನು ಬೇರೆಯಾಗಿ ವರ್ಣಿಸಬೇಕಾದುದಿಲ್ಲ.

ನಾವು ದಂಪತಿಗಳು ನೆಲಸಿರುವ ಬ್ರಿಸ್ಟಲ್ ನಗರಕ್ಕೂ ಗಾಲಿಮನೆಗೂ ಹಳೆಯ ನಂಟು ಉಂಟು. ನೌಕಾಪಡೆಯಲ್ಲಿ ವೈದ್ಯರಾಗಿದ್ದು ನಿವೃತ್ತರಾದ ಗಾರ್ಡನ್ ಸ್ಟೇಬಲ್ಸ್ ಎಂಬ ಗ್ರಂಥಕರ್ತರು 1885ರಲ್ಲಿ ಈ ಊರಿನ ಬಂಡಿಯ ಕಾರ್ಖಾನೆಯಲ್ಲಿ ತಮಗಾಗಿ ಗಾಲಿಯ ಮೇಲೊಂದು ಮನೆಯನ್ನು ಕಟ್ಟಿಸಿ, ಅದಕ್ಕೆ ವಾಂಡರರ್, ಎಂದರೆ ಅಲೆಮಾರಿ, ಎಂದು ಹೆಸರಿಟ್ಟರು. ಅದರ ತೂಕ ಸುಮಾರು 2 ಟನ್ನು. ಎಳೆಯಲು 2 ಕುದುರೆಗಳು. ಆ ವರ್ಷವೇ ಅವರು ಬರ್ಕ್‌ಷೈರಿನ ಟ್ವೈಫರ್ಡಿನಿಂದ ಹೊರಟು, ಕುದುರೆಯ ನಡಿಗೆಯಲ್ಲಿಯೇ ಸ್ಕಾಟ್ಲೆಂಡಿನ ಇನ್ವರ್ನೆಸ್ ಮುಟ್ಟಿದರು. ಮರುವರ್ಷ ಆ ಪ್ರವಾಸದ ಪುಸ್ತಕವೂ ಹೊರಬಂದಿತು. ಹೊಟ್ಟೆಪಾಡಿಗಾಗಿಯಲ್ಲದೆ ಸಂತೋಷಕ್ಕಾಗಿಯೇ ಗಾಲಿಯ ಮೇಲೆ ವಾಸಿಸುವ ಹವ್ಯಾಸ ಅಲ್ಲಿಂದ ಬೆಳೆಯಿತು. 1907ರಲ್ಲಿ ಇಂಥವರ ಸಂಘವೊಂದು ಹುಟ್ಟಿತು; ಅದು ಇಂದಿಗೂ ನಡೆದುಬರುತ್ತಿದೆ.

ನಾವು ಈ ದೇಶಕ್ಕೆ ಬಂದು 25 ವರ್ಷ ಕಳೆದಿದ್ದರೂ ದೇಶವನ್ನು ನೋಡಿದುದು ಕಡಮೆ. ಕೆಲಸದ ದಿನಗಳಲ್ಲಿ ಬಿಡುವಿಲ್ಲ. ಬಿಡುವಿದ್ದಾಗ ಹೋಟೆಲಿನ ಖರ್ಚೂ ಊಟದ ತೊಡಕೂ ಅಡ್ಡಬರುವುವು. ಸ್ವಂತ ಒಲೆಯೊಂದು ಜೊತೆಯಲ್ಲಿದ್ದರೆ ಹುಳಿ ಅನ್ನಕ್ಕೆ ಯಾರ ಹಂಗೂ ಇಲ್ಲ. ಹೊಸ ಗಾಲಿಮನೆಗೆ 60,000 ಪೌಂಡು ಕೊಡಬೇಕಾಗುವುದು ಸಾಮಾನ್ಯ. ನಿವೃತ್ತಿಯ ಕಾಲಕ್ಕೆಂದು ಉಳಿಸಿದ್ದ ಹಣದಲ್ಲಿ ನಾವು ತೆಗೆದಿರಿಸಬಹುದಾಗಿದ್ದುದು 16,000 ಪೌಂಡು ಮಾತ್ರ. ಅದು ಹೋದರೆ ಮತ್ತೆ ಕೂಡಿಸುವ ವಯಸ್ಸಲ್ಲ. ಆದುದರಿಂದ ಹಳೆಯದನ್ನೇ ಕೊಳ್ಳಬೇಕು, ನೋಡಿ ಕೊಳ್ಳಬೇಕು ಎಂದು ನಿಶ್ಚಯಿಸಿ, 2024ರ ಏಪ್ರಿಲಿನಲ್ಲಿ ಹುಡುಕಲು ಹೊರಟೆವು. ಆ ತಿಂಗಳು ಮಳೆ ಹಿಡಿದಿತ್ತು. ಗಾಲಿಮನೆಯನ್ನು ಪರೀಕ್ಷಿಸುವುದಕ್ಕೆ ಮಳೆಯ ದಿನವೇ ಮೇಲು.

ಹಳೆಯ ಗಾಲಿಮನೆಗೆ ಎರಡು ವಯಸ್ಸುಗಳುಂಟು; ಬಂಡಿಯದೊಂದು, ಮನೆಯದೊಂದು. ಬಂಡಿಯ ವಯಸ್ಸು ಕಾಗದದಲ್ಲಿ ದೊರೆಯುವುದು. ಇಂಗ್ಲೆಂಡಿನಲ್ಲಿ 3 ವರ್ಷ ದಾಟಿದ ಗಾಲಿಮನೆ ಪ್ರತಿ ವರ್ಷವೂ ಪರೀಕ್ಷೆಗೆ ಹೋಗಬೇಕು, ಇದನ್ನು ಎಂ.ಓ.ಟಿ. ಎನ್ನುವರು. ವಾಹನದ ಸಂಖ್ಯೆಯೊಂದು ಗೊತ್ತಿದ್ದರೆ ಸಾಕು, ಅದು ಯಾವ ವರ್ಷ ಎಷ್ಟು ಮೈಲಿ ಓಡಿತ್ತು, ಯಾವ ದೋಷಕ್ಕಾಗಿ ಅನುತ್ತೀರ್ಣವಾಯಿತು ಎಂಬುದನ್ನು ಸರ್ಕಾರದ ದಾಖಲೆಯಲ್ಲಿ ಯಾರಾದರೂ ಕಾಸಿಲ್ಲದೆ ನೋಡಬಹುದು. ನೋಂದಣಿಯ ಪತ್ರವನ್ನು ಮಾತ್ರ ಎಚ್ಚರಿಕೆಯಿಂದ ಓದಬೇಕು. ಅದರಲ್ಲಿ ಹೆಸರಿರುವವನು ವಾಹನವನ್ನು ಇಟ್ಟುಕೊಂಡವನೇ ಹೊರತು, ಒಡೆಯನೆಂಬುದಕ್ಕೆ ಆ ಪತ್ರ ಸಾಕ್ಷಿಯಲ್ಲ. ಹಾಗೆಂದು ಅದರ ಮೇಲೆಯೇ ಅಚ್ಚಾಗಿರುವುದು. ವಾಹನದ ಮೇಲೆ ತೀರದ ಸಾಲವಿದೆಯೇ ಎಂಬುದನ್ನು ಸ್ವಲ್ಪ ಹಣ ತೆತ್ತು ಬೇರೆಯಾಗಿ ವಿಚಾರಿಸಬೇಕು.

ಮನೆಯ ವಯಸ್ಸಾದರೋ ಯಾವ ಕಾಗದದಲ್ಲಿಯೂ ಇಲ್ಲ. ಅದನ್ನು ಕೈಯಿಂದ ಮುಟ್ಟಿ, ಮೂಗಿನಿಂದ ಮೂಸಿ ತಿಳಿಯಬೇಕು.

ಮೊದಲು ನೋಡಿದುದು ವೆಸ್ಟನ್ ಸೂಪರ್ ಮೇರ್ ಎಂಬ ಕಡಲತೀರದ ಊರಿನಲ್ಲಿ. ಬ್ರಿಸ್ಟಲಿನಿಂದ ಸುಮಾರು 20 ಮೈಲಿ. ಇಲ್ಲಿ ಸಮುದ್ರದ ಉಬ್ಬರವಿಳಿತ ಲೋಕದಲ್ಲಿಯೇ ಬಹು ದೊಡ್ಡವುಗಳಲ್ಲೊಂದು. ಇಳಿತದ ವೇಳೆಯಲ್ಲಿ ನೀರು ಕಣ್ಣಿಗೆ ಕಾಣದಷ್ಟು ದೂರ ಹಿಂದೆ ಸರಿದು, ಕೆಸರಿನ ಬಯಲೊಂದೇ ಉಳಿಯುವುದು. ಗಾಲಿಮನೆಯೇನೋ ಅರಮನೆಯಂತಿದ್ದಿತು. ಆರು ಹಾಸಿಗೆಗಳು, ಆದರೆ ಸೀಟಿನ ಪಟ್ಟಿಗಳು ನಾಲ್ಕೇ. ಮಲಗುವವರನ್ನೆಣಿಸಿ ಕೊಂಡವರು ಕುಳಿತು ಹೋಗುವಾಗ ತೊಂದರೆಗೆ ಸಿಕ್ಕುವರು. ಇದಕ್ಕಿಂತ ದೊಡ್ಡ ತೊಡಕು ತೂಕದ್ದು. ಬಾಗಿಲ ಬಳಿಯ ತಗಡಿನಲ್ಲಿ 3,850 ಕಿಲೋ ಎಂದು ಬರೆದಿತ್ತು. 1997ರ ಜನವರಿ 1ಕ್ಕೆ ಮುಂಚೆ ಇಲ್ಲಿ ಕಾರು ನಡೆಸುವ ಪರೀಕ್ಷೆಯಲ್ಲಿ ತೇರ್ಗಡೆಯಾದವರು 7,500 ಕಿಲೋವರೆಗಿನ ವಾಹನವನ್ನು ನಡೆಸಬಹುದು. 70 ವರ್ಷ ತುಂಬಿದ ಮೇಲೆ ಆ ಹಕ್ಕನ್ನು ಉಳಿಸಿಕೊಳ್ಳಲು ವೈದ್ಯರ ಪರೀಕ್ಷೆ ಬೇಕು. ಆ ದಿನದಿಂದೀಚೆಗೆ ತೇರ್ಗಡೆಯಾದ ನಮ್ಮಂಥವರ ಡೀಸೆಲ್ ವಾಹನಕ್ಕೆ 3,500 ಕಿಲೋವೇ ಮೇರೆ. ಮಾರುವ ಹಿರಿಯರಿಗೆ 70 ದಾಟಿ ಕಣ್ಣು ಮಂದವಾಗಿತ್ತು. ಅವರು ವಯಸ್ಸಿನಿಂದ ಬಿಡಬೇಕಾದುದನ್ನು ನಾವು ಕಾಯಿದೆಯಿಂದ ಹಿಡಿಯುವಂತಿರಲಿಲ್ಲ. ಚಹ ಕುಡಿದು, ನಮಸ್ಕಾರ ಹೇಳಿ ಬಂದೆವು.

ಎರಡನೆಯದು ಬ್ರಿಸ್ಟಲಿಗೂ ಬಾತ್ ನಗರಕ್ಕೂ ನಡುವೆ ವ್ಯಾಪಾರಿಯೊಬ್ಬರ ಅಂಗಳದಲ್ಲಿತ್ತು. 2012ರದು, ತೂಕ 3,500 ಕಿಲೋ, ಬೆಲೆ 16,500 ಪೌಂಡು. ಹೊರಮೈ ಕನ್ನಡಿಯಂತೆ ಹೊಳೆಯುತ್ತಿತ್ತು. ಒಳಗೆ ಹೊಸ ಪರದೆ, ಹೊಸ ಮೆತ್ತೆ, ನಿಂಬೆಯ ಸುಗಂಧ. ವರ್ತಕರಿಂದ ಕೊಳ್ಳುವುದರಲ್ಲಿ ಒಂದು ಅನುಕೂಲವೂ ಉಂಟು: 2015ರ ಗ್ರಾಹಕ ಹಕ್ಕುಗಳ ಕಾಯಿದೆಯಂತೆ, ಮಾರುವಾಗಲೇ ಇದ್ದ ದೋಷ ಹೊರಬಿದ್ದರೆ 30 ದಿನದೊಳಗೆ ವಾಹನವನ್ನು ಹಿಂದಿರುಗಿಸಿ ಹಣ ಕೇಳಬಹುದು. ನಮಗೆ ಆಗಲೇ ಮನಸ್ಸು ಅರ್ಧ ಸೋತಿತ್ತು.

ನಮ್ಮ ಮನೆಯವರು ತೀರ್ಥಹಳ್ಳಿಯ ಕಡೆಯವರು. ಆಷಾಢದ ಮಳೆಯಲ್ಲಿ ಪೆಟ್ಟಿಗೆಯೊಳಗಿನ ಸೀರೆ ಮುಗ್ಗುವುದನ್ನೂ, ಗೋಡೆಯ ಮೂಲೆಯಲ್ಲಿ ಬೂಷ್ಟು ಹಿಡಿಯುವುದನ್ನೂ ಎಳವೆಯಿಂದ ಕಂಡವರು. ಅವರು ಪರದೆ ಮೆತ್ತೆಗಳ ಕಡೆ ನೋಡದೆ, ಹಿಂದಿನ ಹಾಸಿಗೆಯ ಮೇಲಿದ್ದ ಗೂಡಿನ ಬಾಗಿಲನ್ನು ತೆರೆದು, ಒಳಮೂಲೆಗೆ ಕೈಹಾಕಿ ಒತ್ತಿ, ಬೆರಳನ್ನು ಮೂಸಿ, “ನಿಂಬೆಹಣ್ಣಿನ ಹಿಂದೆ ಮುಗ್ಗಲು ಇದೆ ನೋಡಿ” ಎಂದರು.

ಈ ಬಗೆಯ ಹಳೆಯ ಗಾಲಿಮನೆಯ ಗೋಡೆಯೆಂದರೆ ಸಾಮಾನ್ಯವಾಗಿ ಮರದ ತೆಳು ಚೌಕಟ್ಟು. ಹೊರಗೆ ಅಲ್ಯುಮಿನಿಯಂ ತಗಡು, ಒಳಗೆ ತೆಳುವಾದ ಪ್ಲೈವುಡ್ಡು, ನಡುವೆ ಚಳಿ ತಡೆಯುವ ಹಗುರವಾದ ತುಂಬು. ತಗಡು ತಗಡು ಕೂಡುವ ಸಂದುಗಳನ್ನು ಅಂಟಿನಿಂದ ಮುಚ್ಚಿರುವರು. ರಸ್ತೆಯ ಕುಲುಕಾಟಕ್ಕೂ ಬಿಸಿಲು ಚಳಿಗಳಿಗೂ ಆ ಅಂಟು ವರ್ಷ ಕಳೆದಂತೆ ಬಿರಿಯುವುದು. ಛಾವಣಿಯ ಬೆಳಕಿಂಡಿ, ಕಿಟಕಿಯ ಅಂಚು, ಹಿಂದಿನ ದೀಪಗಳ ಸುತ್ತು, ಇವೆಲ್ಲ ನೀರು ನುಸುಳುವ ದಾರಿಗಳು. ಹೀಗೆ ಹೊಕ್ಕ ನೀರು ಹೊರಬರಲಾರದೆ ಚೌಕಟ್ಟನ್ನು ಒಳಗೊಳಗೇ ಕೊಳೆಯಿಸುವುದು. ಹೊರಗೆ ಕಲೆ ಕಾಣುವ ಹೊತ್ತಿಗೆ ಮರ ಹಿಟ್ಟಾಗಿರುವುದೂ ಉಂಟು. ಯಂತ್ರ ಕೆಟ್ಟರೆ ಬೇರೆಯದನ್ನು ಕೂಡಿಸಬಹುದು; ಗೋಡೆ ಕೆಟ್ಟರೆ ಮನೆಯನ್ನೇ ಬಿಚ್ಚಬೇಕು.

ನಾವು ಎರಡು ಮೊನೆಗಳುಳ್ಳ ತೇವಮಾಪಕವೊಂದನ್ನು ಕೊಂಡುಹೋಗಿದ್ದೆವು. ಅದು ಶೇಕಡ 15ರವರೆಗೆ ತೋರಿದರೆ ಭಯವಿಲ್ಲ. 20 ದಾಟಿದರೆ ಕಾರಣ ಹುಡುಕಬೇಕು. 30 ದಾಟಿದರೆ ಕೇಡು ಆಗಿಹೋಗಿದೆಯೆಂದು ಸಾಮಾನ್ಯವಾಗಿ ಭಾವಿಸುವರು. ಆ ಮೂಲೆಯಲ್ಲಿ ಮುಳ್ಳು 34ಕ್ಕೆ ನಿಂತಿತು. ವರ್ತಕರು, “ಹಳೆಯ ವಾಹನದಲ್ಲಿ ಇಷ್ಟು ತೇವ ಸಹಜ, 2,000 ಪೌಂಡು ಬಿಡುತ್ತೇನೆ” ಎಂದರು. ಬೆಲೆ ನಮ್ಮ ಕೈಗೆಟುಕುವಂತಾಯಿತು. ಉಳಿಯುವ ಹಣದಲ್ಲಿ ಸರಿಪಡಿಸಿಕೊಳ್ಳಬಾರದೇಕೆ ಎಂಬ ಯೋಚನೆಯೂ ನಮಗೆ ಬಂದಿತು. ಆದರೆ ಕೊಳ್ಳುವ ಮೊದಲೇ ತೋರಿಸಿಕೊಟ್ಟ ದೋಷಕ್ಕೆ ಆಮೇಲೆ ಕಾಯಿದೆಯ ಆಸರೆ ದೊರೆಯದು. ಮನೆಯವರು ಹೇಳಿದರು: “ನಮ್ಮೂರ ಮನೆಯಲ್ಲಿ ಒಂದು ತೊಲೆ ಮುಗ್ಗಿದರೆ ಆ ತೊಲೆಯೊಂದನ್ನು ಬದಲಾಯಿಸುತ್ತಾರೆ. ಇದರಲ್ಲಿ ತೊಲೆ ಯಾವುದು, ಗೋಡೆ ಯಾವುದು ಎಂದೇ ತಿಳಿಯದಲ್ಲ. ಬೇಡಿ.” ಅಲ್ಲಿಗೆ ಮಾತು ಮುಗಿಯಿತು.

ಮೂರನೆಯದಕ್ಕಾಗಿ ದಕ್ಷಿಣಕ್ಕೆ ಹೋಗಬೇಕಾಯಿತು. ಬ್ರಿಸ್ಟಲಿನಿಂದ ಹೊರಟ ದಾರಿ ಸುಣ್ಣಕಲ್ಲಿನ ಮೆಂಡಿಪ್ ಗುಡ್ಡಗಳನ್ನು ಹತ್ತಿ ವೆಲ್ಸ್ ಎಂಬ ಪುಟ್ಟ ಊರಿಗೆ ಇಳಿಯುವುದು. ಜನಸಂಖ್ಯೆ ಸ್ವಲ್ಪವಾದರೂ ಮಹಾದೇವಾಲಯವಿರುವುದರಿಂದ ಅದಕ್ಕೆ ನಗರವೆಂಬ ಪದವಿಯುಂಟು. ಅಲ್ಲಿ ಗೋಪುರವನ್ನು ಎತ್ತರಿಸಿದ ಮೇಲೆ ಅದರ ಭಾರಕ್ಕೆ ಕಟ್ಟಡ ಬಿರುಕುಬಿಡಲು, 14ನೆಯ ಶತಮಾನದ ಶಿಲ್ಪಿಗಳು ಕತ್ತರಿಯಾಕಾರದ ಭಾರಿ ಕಮಾನುಗಳನ್ನು ಅಡಿಯಲ್ಲಿ ಕಟ್ಟಿ ಅದನ್ನು ನಿಲ್ಲಿಸಿದರು. ಕಲ್ಲಿನ ಮನೆಗೂ ತೂಕದ ಲೆಕ್ಕ ತಪ್ಪಿದುದಲ್ಲವೆಂದುಕೊಂಡೆವು. ವೆಲ್ಸ್ ದಾಟಿದರೆ ಗ್ಲಾಸ್ಟನ್‌ಬರಿಯ ಒಂಟಿ ಗುಡ್ಡ, ಅದರ ನೆತ್ತಿಯಲ್ಲಿ ಛಾವಣಿಯಿಲ್ಲದ ಗೋಪುರ. ಅದರಾಚೆಗೆ ಸಾಮರ್ಸೆಟ್ ಲೆವೆಲ್ಸ್ ಎಂಬ ತಗ್ಗುಬಯಲು. ಕಡಲಮಟ್ಟಕ್ಕಿಂತ ಕೆಲವೇ ಮೀಟರು ಎತ್ತರದ ಈ ನೆಲವನ್ನು ಕಾಲುವೆಗಳನ್ನು ತೋಡಿ ಬಸಿದು ಹುಲ್ಲುಗಾವಲು ಮಾಡಿದ್ದಾರೆ. 2013-14ರ ಚಳಿಗಾಲದಲ್ಲಿ ಇಲ್ಲಿ ವಾರಗಟ್ಟಲೆ ನೆರೆ ನಿಂತಿತ್ತು.

ಇಂಥ ನೀರಿನ ಸೀಮೆಯಲ್ಲಿ ಒಣಗಿದ ಗಾಲಿಮನೆ ಸಿಕ್ಕೀತೆಂದು ನಾವು ಎಣಿಸಿರಲಿಲ್ಲ. ಮಾರುವವರು ಗಂಡನನ್ನು ಕಳೆದುಕೊಂಡ ವೃದ್ಧೆ. ವಾಹನ 2006ರದು, ಇಟಲಿಯ ಫಿಯಟ್ ಡುಕಾಟೊ ವ್ಯಾನಿನ ಮೇಲೆ ಕಟ್ಟಿದ್ದು, 61,000 ಮೈಲಿ ಓಡಿತ್ತು. ಮೆತ್ತೆಗಳು ಮಾಸಿದ್ದುವು. ಆದರೆ ಅದನ್ನು ಎಂದೂ ಬಯಲಲ್ಲಿ ನಿಲ್ಲಿಸದೆ ಹುಲ್ಲಿನ ಕೊಟ್ಟಿಗೆಯ ಮಾಡಿನ ಕೆಳಗೆ ನಿಲ್ಲಿಸುತ್ತಿದ್ದರು. ನೆರೆ ಬಂದ ವರ್ಷ ಗಂಡಹೆಂಡಿರು ಅದನ್ನು ದಿಬ್ಬದ ಮೇಲಿನ ಹೊಲವೊಂದಕ್ಕೆ ಒಯ್ದು, ಆರು ವಾರ ಅದರಲ್ಲಿಯೇ ಸಂಸಾರ ಮಾಡಿದ್ದರಂತೆ. ಆಕೆ ನಮ್ಮ ಮುಂದೆ ಒಂದು ಸಣ್ಣ ಪುಸ್ತಕವನ್ನು ಇಟ್ಟರು. ವರ್ಷಕ್ಕೊಮ್ಮೆ ಯಾವ ಮೂಲೆಯಲ್ಲಿ ಎಷ್ಟು ತೇವ, ಯಾವ ಸಂದಿಗೆ ಯಾವಾಗ ಅಂಟು ಹಾಕಿಸಿದುದು, ಎಲ್ಲವೂ ಗಂಡನ ಅಕ್ಷರದಲ್ಲಿತ್ತು. ಕೊನೆಯ ಮೂರು ಸಾಲುಗಳು ಮಾತ್ರ ಆಕೆಯವು.

ಹಾಗೆಂದು ಪರೀಕ್ಷೆಯನ್ನು ಬಿಡಲಿಲ್ಲ. ಹದಿನೆಂಟು ಕಡೆ ಮಾಪಕವನ್ನು ಚುಚ್ಚಿದೆವು. ಎಲ್ಲಿಯೂ 14ನ್ನು ಮೀರಲಿಲ್ಲ. ಫ್ರಿಜ್ಜು ತಣ್ಣಗಾಗುವುದಕ್ಕೆ ಗಂಟೆಗಟ್ಟಲೆ ಹಿಡಿಯುವುದರಿಂದ, ಹಿಂದಿನ ರಾತ್ರಿಯೇ ಅದನ್ನು ಗ್ಯಾಸಿನ ಮೇಲೆ ನಡೆಸಿರಬೇಕೆಂದು ಕೇಳಿಕೊಂಡಿದ್ದೆವು. ಒಳಗೆ ಹಾಲು ತಣ್ಣಗಿತ್ತು. ನೀರಿನ ಪಂಪು, ಒಲೆ, ಬಿಸಿನೀರು ನಡೆದುವು. ಸೋರಿದ ಗ್ಯಾಸು ಕೆಳಗಿಳಿದು ಹೊರಹೋಗಲೆಂದು ನೆಲದಲ್ಲಿ ಬಿಟ್ಟಿರುವ ಕಂಡಿಗಳನ್ನು ಚಳಿಗೆ ಹೆದರಿ ಕೆಲವರು ಮುಚ್ಚುವುದುಂಟು, ಅವು ತೆರೆದಿದ್ದುವು. ಎತ್ತು ಕೊಳ್ಳುವವರು ಹಲ್ಲು ನೋಡುವಂತೆ ಟೈರಿನ ಬದಿಯ ನಾಲ್ಕು ಅಂಕಿಗಳನ್ನು ನೋಡಿದೆವು. 1316 ಎಂದಿತ್ತು, ಎಂದರೆ 2016ರ 13ನೆಯ ವಾರದಲ್ಲಿ ತಯಾರಾದವು. ಸವೆಯದೆ ನಿಂತ ಟೈರೂ ವಯಸ್ಸಿನಿಂದ ಬಿರಿಯುವುದರಿಂದ, ನಾಲ್ಕನ್ನೂ ಬದಲಾಯಿಸಬೇಕೆಂದು ತಿಳಿಸಿದೆವು. ಆಕೆ 15,000 ಹೇಳಿದ್ದರು, 14,500ಕ್ಕೆ ಒಪ್ಪಿದರು. ಇಷ್ಟು ಹಳೆಯ ಡೀಸೆಲ್ ಬಂಡಿ ಲಂಡನ್ನಿನೊಳಗೆ ಹೋದರೆ ದಿನಕ್ಕೆ 12.50 ಪೌಂಡು, ನಮ್ಮ ಬ್ರಿಸ್ಟಲಿನ ನಡುಪೇಟೆಗೆ ಹೋದರೆ 9 ಪೌಂಡು ತೆರಬೇಕು. ನಮ್ಮ ಮನೆ ಆ ಎಲ್ಲೆಯ ಹೊರಗಿರುವುದರಿಂದ ಅದನ್ನು ಲೆಕ್ಕಿಸಲಿಲ್ಲ.

ಹಣ ಸಂದ ಬಳಿಕ ಆಕೆ ಒಳಹೊಕ್ಕು, ಗೂಡಿನಲ್ಲಿದ್ದ ಎರಡು ಬಟ್ಟಲುಗಳನ್ನು ತೆಗೆದುಕೊಂಡು ಇಳಿದರು. ಪುಸ್ತಕವನ್ನೂ ಇಟ್ಟುಕೊಳ್ಳಬಹುದೆಂದು ಮನೆಯವರು ಹೇಳಿದಾಗ, “ಬೇಡ, ಅದು ವಾಹನದ್ದು” ಎಂದರು.

ಮೇ ತಿಂಗಳಲ್ಲಿ ಎಕ್ಸ್‌ಮೂರ್ ಕಡೆಗೆ ಮೊದಲ ಪ್ರಯಾಣ ಮಾಡಿದೆವು. ಪೊರ್ಲಾಕ್ ಎಂಬಲ್ಲಿ ರಸ್ತೆ ನಾಲ್ಕು ಅಡಿಗೆ ಒಂದಡಿಯಂತೆ ಏರುವುದು. ಹದಿನೆಂಟು ವರ್ಷದ ಬಂಡಿಗೆ ಆ ಕಷ್ಟ ಕೊಡದೆ, ಸುಂಕ ತೆತ್ತು ಬಳಸುದಾರಿಯಲ್ಲಿ ಕಾಡಿನ ನಡುವೆ ನಿಧಾನವಾಗಿ ಹತ್ತಿದೆವು. ರಾತ್ರಿ ತಂಗಿದುದು ರೈತರ ಹೊಲದಲ್ಲಿ. 1960ರ ಕಾಯಿದೆಯ ಆಧಾರದ ಮೇಲೆ, ಒಮ್ಮೆಗೆ ಐದು ಗಾಲಿಮನೆಗಳವರೆಗೆ ನಿಲ್ಲಬಹುದಾದ ಇಂಥ ತಾಣಗಳಿಗೆ ಸಂಘಗಳು ಒಪ್ಪಿಗೆ ಪತ್ರ ಕೊಡುತ್ತವೆ. ಊರಿನಲ್ಲಿ ಒಂದೇ ದಿನಕ್ಕೆ ಸಾಲದ 100 ಲೀಟರು ನೀರು ಇಲ್ಲಿ ಇಬ್ಬರಿಗೆ ಎರಡು ದಿನ ಬಂದಿತು. ಒಂದು ಪಾತ್ರೆಯಲ್ಲಿ ಅನ್ನ, ಒಂದರಲ್ಲಿ ಸಾರು, ಮೂರನೆಯದು ಬೇಕೆನಿಸಲಿಲ್ಲ.

ರಾತ್ರಿಯಿಡೀ ಛಾವಣಿಯ ಮೇಲೆ ಮಳೆ ಹೊಯ್ಯಿತು. ಬೆಳಗ್ಗೆ ಕಾಫಿಗೂ ಮೊದಲು ಮನೆಯವರು ಮೂಲೆಯ ಗೂಡಿಗೆ ಕೈಹಾಕಿ ನೋಡಿದರು. ನಾವು ಮಾಪಕವನ್ನು ಹಿಡಿದೆವು. ಪುಸ್ತಕದಲ್ಲಿ ಆ ವೃದ್ಧೆಯ ಮೂರು ಸಾಲುಗಳ ಕೆಳಗೆ ತಾರೀಖನ್ನೂ 12 ಎಂಬ ಅಂಕಿಯನ್ನೂ ಬರೆದು, ಒಲೆ ಹಚ್ಚಿದೆವು.