ಅಮ್ಮನ ಬಳೆ ಮತ್ತು ಆರ್ಕಿಮಿಡೀಸ್

ರಾಜನ ಕಿರೀಟಕ್ಕೆ ಬೆಳ್ಳಿ ಬೆರೆಸಿದ್ದಾರೆಯೇ ಎಂದು ಆರ್ಕಿಮಿಡೀಸ್ ನೀರಿನಿಂದ ಪತ್ತೆಹಚ್ಚಿದ ಕಥೆಯನ್ನು ಇಪ್ಪತ್ತೆಂಟು ವರ್ಷಗಳಿಂದ ಮಕ್ಕಳಿಗೆ ಹೇಳುತ್ತಾ ಬಂದವನು ನಾನು. ಆದರೆ ನಮ್ಮ ಮನೆಯ ಚಿನ್ನವನ್ನೇ ನೀರಿಗೆ ಅದ್ದಿ ನೋಡಬೇಕೆಂದು ಒಮ್ಮೆಯೂ ಹೊಳೆದಿರಲಿಲ್ಲ!

ಮಗಳ ಮದುವೆ ಗೊತ್ತಾಯಿತು. ಅಮ್ಮ ಬಿಟ್ಟುಹೋದ ಒಂದು ಜೊತೆ ಗಟ್ಟಿ ಬಳೆಗಳನ್ನು ಕೊಟ್ಟು ಹೊಸದು ಮಾಡಿಸೋಣವೆಂದು ಅಂಗಡಿಗೆ ಹೋದೆವು. 'ಅಪರಂಜಿ ಕಣೋ' ಎನ್ನುತ್ತಿದ್ದಳು ಅಮ್ಮ. ನನ್ನ ಬಿ.ಎಡ್. ಶುಲ್ಕಕ್ಕಾಗಿ ಅಡವಿಗೆ ಹೋಗಿ ಮರಳಿ ಬಂದ ಬಳೆಗಳವು. ಅಂಗಡಿಯವರು ಒರೆಗಲ್ಲಿಗೆ ತಿಕ್ಕಿ, 'ಹದಿನೆಂಟು ಕ್ಯಾರೆಟ್ ಬರಬಹುದು ಸಾರ್' ಎಂದರು. ನನಗೆ ಸಿಟ್ಟು ಬಂತು. ಬಳೆ ಎತ್ತಿಕೊಂಡು ಹೊರಬಂದೆ.

ಮರುದಿನ ಶಾಲೆಯ ಪ್ರಯೋಗಾಲಯದಲ್ಲಿ ತೂಗಿದೆ. ಗಾಳಿಯಲ್ಲಿ 24 ಗ್ರಾಂ. ದಾರದಲ್ಲಿ ಕಟ್ಟಿ ನೀರಿನಲ್ಲಿ ಮುಳುಗಿಸಿದಾಗ 22.4. ಕಡಿಮೆಯಾದದ್ದು 1.6. ಭಾಗಿಸಿದರೆ 15. ಶುದ್ಧ ಚಿನ್ನದ ಸಾಂದ್ರತೆ 19.3; 22 ಕ್ಯಾರೆಟ್ಟಿನದು 17.5ರಿಂದ 18ರ ಆಸುಪಾಸು. ತಾಮ್ರ ಬೆರೆತ 18 ಕ್ಯಾರೆಟ್ಟಿನದು ಸುಮಾರು 15. ಅಂಗಡಿಯವರ ಮಾತು ನಿಜವಾಗಿತ್ತು.

ಶುದ್ಧ ಚಿನ್ನ ಬಲು ಮೆದು. ಗಟ್ಟಿಯಾಗಲು ತಾಮ್ರವನ್ನೋ ಬೆಳ್ಳಿಯನ್ನೋ ಬೆರೆಸಲೇಬೇಕು, ಅದು ಮೋಸವಲ್ಲ. ಸಾವಿರ ಪಾಲಿನಲ್ಲಿ 916 ಪಾಲು ಚಿನ್ನವಿದ್ದರೆ 22 ಕ್ಯಾರೆಟ್, 750 ಇದ್ದರೆ 18. ಎಷ್ಟು ಬೆರೆಸಿದ್ದೇವೆಂದು ಹೇಳದಿರುವುದೇ ಮೋಸ. 22 ಕ್ಯಾರೆಟ್ ಎಂದು ನಂಬಿ ಹಣ ತೆತ್ತಿದ್ದರೂ ಅಮ್ಮನಿಗೆ ನಾಲ್ಕು ಗ್ರಾಂ ಚಿನ್ನ ಕಡಿಮೆ ಬಂದಿತ್ತು. ಅಡವಿಟ್ಟ ದಿನ ಎಣಿಸಿದ್ದಕ್ಕಿಂತ ಕಡಿಮೆ ಹಣ ಸಿಕ್ಕಿತೆಂದು ಅವಳು ಪೆಚ್ಚಾಗಿ ಬಂದದ್ದು ಆಗ ನೆನಪಾಯಿತು.

ಟೊಳ್ಳು ಒಡವೆಗೆ, ಅರಗು ತುಂಬಿದ್ದಕ್ಕೆ, ಕಲ್ಲು ಕೂರಿಸಿದ್ದಕ್ಕೆ ನನ್ನ ಪರೀಕ್ಷೆ ನಡೆಯದು. ಅದಕ್ಕೇ ಹಾಲ್‌ಮಾರ್ಕ್ ಬೇಕು. ನಮ್ಮ ದೇಶದಲ್ಲಿ ಚಿನ್ನಕ್ಕೆ ಅದು 2000ದಲ್ಲಿ ಬಂತು. 2021ರ ಜೂನ್‌ನಿಂದ ಹಂತಹಂತವಾಗಿ ಕಡ್ಡಾಯವಾಯಿತು. ಕೊಳ್ಳುವಾಗ ಭೂತಗನ್ನಡಿ ಕೇಳಿ ಪಡೆಯಿರಿ. ಬಿಐಎಸ್ ಮುದ್ರೆ, 22ಕೆ916 ಎಂಬ ಶುದ್ಧತೆಯ ಗುರುತು, ಅಕ್ಷರ-ಅಂಕಿಗಳು ಬೆರೆತ ಆರು ಸ್ಥಾನಗಳ ಎಚ್‌ಯುಐಡಿ ಮೂರೂ ಇರಬೇಕು. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡುವುದನ್ನು ಮಕ್ಕಳಿಗೇ ಒಪ್ಪಿಸಿ. ರಸೀದಿಯಲ್ಲಿ ತೂಕ, ಶುದ್ಧತೆ, ಮಜೂರಿ ಬೇರೆಬೇರೆಯಾಗಿ ಇರಲಿ.

ಮಗಳಿಗೆ ಹಾಗೆಯೇ ನೋಡಿ ಹೊಸ ಬಳೆ ತಂದೆವು. ಹಳೆಯದನ್ನು ಕರಗಿಸಲು ನನ್ನಾಕೆ ಒಪ್ಪಲಿಲ್ಲ: 'ನಿಮ್ಮನ್ನು ಮೇಷ್ಟರನ್ನಾಗಿ ಮಾಡಿದ ಬಳೆ, ಇರಲಿ ಬಿಡಿ.'

ಈಗ ಆರ್ಕಿಮಿಡೀಸನ ಪಾಠ ಬಂದಾಗ ಆ ಬಳೆಗಳನ್ನೇ ತರಗತಿಗೆ ಒಯ್ಯುತ್ತೇನೆ. ತೂಗುವವರು ಮಕ್ಕಳು.